ಬಣ್ಣ ಒಂದನ್ನೇ ನಂಬಬೇಡಿ

ವಿದ್ಯಾರ್ಥಿವೇತನದ ಅರ್ಜಿಯಲ್ಲಿ ‘ಕೆಂಪು ಅಕ್ಷರದ ಕಾಲಂಗಳನ್ನು ತುಂಬಲೇಬೇಕು’ ಅಂತ ಬರೆದಿದ್ದರೆ, ಕೆಂಪು-ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣದ ಹುಡುಗ ಏನು ಮಾಡಬೇಕು? ಓದು ಬರುತ್ತೆ, ಅರ್ಹತೆಯೂ ಇದೆ. ಆದರೂ ಅರ್ಜಿ ಅರ್ಧಕ್ಕೇ ನಿಲ್ಲುತ್ತೆ. ಇಂಥ ವರ್ಣಾಂಧತೆ ಹೆಚ್ಚಾಗಿ ಹುಟ್ಟಿನಿಂದ ಬರುವಂಥದ್ದು. ಅದರ ಜೀನುಗಳು ಎಕ್ಸ್ ಕ್ರೋಮೋಸೋಮಿನಲ್ಲಿರುವುದರಿಂದ ಗಂಡಸರಲ್ಲೇ ಜಾಸ್ತಿ.

ನಿಮ್ಮ ಜಮಾತಿಗೋ ಕಾಲೇಜಿಗೋ ವೆಬ್‌ಸೈಟ್ ಮಾಡುವಾಗ ಎರಡು ಮಾತು ನೆನಪಿಡಿ. ಬಣ್ಣದ ಜೊತೆಗೆ ಪದವೋ ಗುರುತೋ ಇರಲಿ: ‘ಕಡ್ಡಾಯ’ ಎಂದೇ ಬರೆಯಿರಿ, ಲಿಂಕಿಗೆ ಅಡಿಗೆರೆ ಎಳೆಯಿರಿ. ಅಕ್ಷರಕ್ಕೂ ಹಿನ್ನೆಲೆಗೂ ಸಾಕಷ್ಟು ಕಾಂಟ್ರಾಸ್ಟ್ ಇರಲಿ. ಡಬ್ಲ್ಯುಸಿಎಜಿ ಮಾರ್ಗಸೂಚಿಯ ಎಎ ಮಟ್ಟಕ್ಕೆ ಸಾಮಾನ್ಯ ಗಾತ್ರದ ಅಕ್ಷರದಲ್ಲಿ ಕನಿಷ್ಠ 4.5:1 ಬೇಕು.

ಇದನ್ನು ಪರೀಕ್ಷಿಸಲು ದುಡ್ಡು ಬೇಕಿಲ್ಲ. ಕೆಲವು ತಂತ್ರಾಂಶಗಳ ಉಚಿತ ಆವೃತ್ತಿಗಳು ಇಷ್ಟೇ ದಿನ, ಇಷ್ಟೇ ಪುಟ ಅಂತ ಮಿತಿ ಹಾಕುತ್ತವೆ. ಆದರೆ ಕ್ರೋಮಿನ ಡೆವಲಪರ್ ಟೂಲ್ಸ್‌ನಲ್ಲಿರುವ ‘ರೆಂಡರಿಂಗ್’ ವಿಭಾಗದಲ್ಲಿ, ವರ್ಣಾಂಧರಿಗೆ ನಿಮ್ಮ ಪುಟ ಹೇಗೆ ಕಂಡೀತು ಅಂತ ಎಷ್ಟು ಸಲ ಬೇಕಾದರೂ ನೋಡಬಹುದು. ಫೈರ್‌ಫಾಕ್ಸ್‌ನಲ್ಲೂ ಈ ಸೌಲಭ್ಯ ಇದೆ.

ಇವು ತೋರಿಸುವುದು ಅಂದಾಜು ಮಾತ್ರ. ಬಳಗದಲ್ಲಿ ಅಂಥವರಿದ್ದರೆ ಪುಟ ತೋರಿಸಿ, ಅವರನ್ನೇ ಕೇಳಿ.