ನಾಯಕರ ಹೆಸರು ಹೊತ್ತ ದೋಣಿಗಳು

ಉತ್ತರ ಮಲಬಾರ್ ಜಲೋತ್ಸವ ನಡೆಯುವುದು ಕಾಸರಗೋಡು ಜಿಲ್ಲೆಯ ದಕ್ಷಿಣ ಭಾಗದಲ್ಲಿ, ತೇಜಸ್ವಿನಿ ಹೊಳೆ ಕಡಲು ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುವ ಕಡೆ. ಒಂದು ದಡದಲ್ಲಿ ನೀಲೇಶ್ವರದ ಕೋಟ್ಟಪ್ಪುರಂ. ಎದುರಿಗೆ ಚೆರುವತ್ತೂರು ಪಂಚಾಯತಿಗೆ ಸೇರಿದ ಅಚ್ಚಾಂತುರುತ್ತಿ ಎಂಬ ಕುದ್ರು. ಕೊಡಗಿನ ಸೀಮೆಯ ಕಾಡಿನಲ್ಲಿ ಹುಟ್ಟಿ ಬರುವ ಈ ಹೊಳೆಗೆ ಕಾರ್ಯಂಕೋಡು ಹೊಳೆ ಎಂಬ ಹೆಸರೂ ಇದೆ. ಇಲ್ಲಿ ನೀರಿಗಿಳಿಯುವ ದೋಣಿಗಳು ಯಾವ ಶ್ರೀಮಂತರದ್ದೂ ಅಲ್ಲ, ಯಾವ ಕಂಪನಿಯದ್ದೂ ಅಲ್ಲ. ಹೊಳೆಬದಿಯ ಊರುಗಳಿಗೆ ತಮ್ಮದೇ ಸಂಘಗಳು, ಸಂಘಗಳಿಗೆ ತಮ್ಮದೇ ದೋಣಿಗಳು, ದೋಣಿಗೆ ಊರಿನದೇ ಹುಟ್ಟಾಳುಗಳು.

ಕೇರಳದ ದೋಣಿ ಪಂದ್ಯ ಎಂದರೆ ಕನ್ನಡ ಓದುಗರ ಕಣ್ಣಿಗೆ ಬರುವುದು ಆಲಪ್ಪುಳದ ನೆಹರೂ ಟ್ರೋಫಿ. 1952ರಲ್ಲಿ ಪ್ರಧಾನಿ ನೆಹರೂ ಅಲ್ಲಿಗೆ ಬಂದಾಗ ನಡೆದ ಪಂದ್ಯದಿಂದ ಆರಂಭವಾದ ಆ ಉತ್ಸವದ ನಾಯಕ ಚುಂಡನ್ ದೋಣಿ: ನೂರಡಿಗೂ ಮೀರಿದ ಉದ್ದ, ಹಾವಿನ ಹೆಡೆಯಂತೆ ಎದ್ದ ಹಿಂಬದಿ, ನೂರರ ಆಸುಪಾಸಿನ ಆಳುಗಳು. ತೇಜಸ್ವಿನಿಯ ದೋಣಿ ಅಂಥದ್ದಲ್ಲ. ಇಲ್ಲಿನದು ಚುರುಳನ್ ಜಾತಿಯ ಚಿಕ್ಕ, ತೆಳು ಮೈಯ ದೋಣಿ. ಇಪ್ಪತ್ತೈದು ಜನ ಹುಟ್ಟು ಹಾಕುವ ವಿಭಾಗ ಒಂದು, ಹದಿನೈದು ಜನರದ್ದು ಇನ್ನೊಂದು. ಹದಿನೈದು ಜನರ ವಿಭಾಗದಲ್ಲಿ ಹೆಂಗಸರ ಪಂದ್ಯ ಬೇರೆಯೇ ಇದೆ. ಚಿಕ್ಕದೆಂದು ಇದನ್ನು ಕಡೆಗಣಿಸುವಂತಿಲ್ಲ. ನೂರು ಜನರ ದೋಣಿಯಲ್ಲಿ ಒಬ್ಬನ ಸೋಲು ಉಳಿದವರ ಬಲದಲ್ಲಿ ಮರೆಯಾಗಬಹುದು. ಹದಿನೈದು ಜನರ ದೋಣಿಯಲ್ಲಿ ಒಬ್ಬರ ಹುಟ್ಟು ತಾಳ ತಪ್ಪಿದರೆ ಇಡೀ ದೋಣಿ ಅದನ್ನು ಅನುಭವಿಸುತ್ತದೆ.

ಈ ಸಂಘಗಳ ಹೆಸರುಗಳನ್ನು ನಿಧಾನವಾಗಿ ಓದಬೇಕು. ಎ.ಕೆ.ಜಿ. ಪೊಡೋತ್ತುರುತ್ತಿ, ಎ.ಕೆ.ಜಿ. ಮಯ್ಯಿಚ್ಚ, ಕೃಷ್ಣಪಿಳ್ಳ ಕಾವುಂಚಿರ, ಅಳೀಕೋಡನ್ ಅಚ್ಚಾಂತುರುತ್ತಿ, ರೆಡ್‌ಸ್ಟಾರ್ ಕಾರ್ಯಂಕೋಡು, ಪಾಲಿಚ್ಚೋನ್ ಅಚ್ಚಾಂತುರುತ್ತಿ, ವಯಲ್ಕ್ಕರ ವೆಂಙಾಟ್. ಸಂಘದ ಹೆಸರು ಮೊದಲು, ಊರಿನ ಹೆಸರು ಆಮೇಲೆ. ಎರಡೂ ಸೇರಿ ದೋಣಿಯ ಗುರುತು. ದಡದಲ್ಲಿ ನಿಂತವರು ಕೂಗುವುದೂ ಈ ಹೆಸರುಗಳನ್ನೇ. ಎ.ಕೆ.ಜಿ. ಎಂದರೆ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್, 1957, 1962 ಮತ್ತು 1967ರ ಚುನಾವಣೆಗಳಲ್ಲಿ ಕಾಸರಗೋಡಿನಿಂದಲೇ ಲೋಕಸಭೆಗೆ ಆಯ್ಕೆಯಾದವರು. ಪಿ. ಕೃಷ್ಣಪಿಳ್ಳ ಕೇರಳದಲ್ಲಿ ಕಮ್ಯುನಿಸ್ಟ್ ಪಕ್ಷ ಕಟ್ಟಿದವರಲ್ಲಿ ಮೊದಲಿಗರು. 1948ರಲ್ಲಿ ಭೂಗತರಾಗಿದ್ದಾಗ ಹಾವು ಕಚ್ಚಿ ತೀರಿಕೊಂಡರು. ಅಳೀಕೋಡನ್ ರಾಘವನ್ 1972ರಲ್ಲಿ ತ್ರಿಶೂರಿನಲ್ಲಿ ಕೊಲೆಯಾದ ನಾಯಕ. ಇವರಲ್ಲಿ ಯಾರೂ ದೋಣಿ ಪಂದ್ಯದಿಂದ ಹೆಸರಾದವರಲ್ಲ. ಆದರೂ ಹೊಳೆಯ ಮೇಲೆ ಪಂದ್ಯಕ್ಕಿಳಿಯುವುದು ಇವರ ಹೆಸರಿನ ದೋಣಿಗಳೇ.

ಇದಕ್ಕೆ ಕಾರಣ ಹುಡುಕಬೇಕಾದರೆ ಹೊಳೆಯಲ್ಲೇ ಸ್ವಲ್ಪ ಮೇಲಕ್ಕೆ, ಕಯ್ಯೂರಿಗೆ ಹೋಗಬೇಕು. ಆ ಊರೂ ತೇಜಸ್ವಿನಿಯ ದಡದ್ದೇ, ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು. 1941ರ ಮಾರ್ಚ್ 28ರಂದು ಕಮ್ಯುನಿಸ್ಟರು ಸಂಘಟಿಸಿದ್ದ ರೈತರ ಮೆರವಣಿಗೆಯ ಕೈಗೆ ಸಿಕ್ಕ ಒಬ್ಬ ಪೊಲೀಸ್ ಪೇದೆ ಇದೇ ಹೊಳೆಗೆ ಹಾರಿ ಪ್ರಾಣ ಕಳೆದುಕೊಂಡ. ಮಂಗಳೂರಿನಲ್ಲಿ ವಿಚಾರಣೆ ನಡೆಯಿತು. ಮಠತ್ತಿಲ್ ಅಪ್ಪು, ಕೋಯಿತ್ತಾಟ್ಟಿಲ್ ಚಿರುಕಂಡನ್, ಪೊಡೋರ ಕುಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕರ್ ಎಂಬ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಮರಣದಂಡನೆಗೆ ಗುರಿಯಾಗಿದ್ದ ಐದನೆಯವನು ಪ್ರಾಯಕ್ಕೆ ಬಾರದವನೆಂಬ ಕಾರಣಕ್ಕೆ ಉಳಿದ. ಕನ್ನಡಿಗರಿಗೆ ಈ ಕಥೆ ಹೊಸತಲ್ಲ. ನೀಲೇಶ್ವರದ ರಾಜಾಸ್ ಹೈಸ್ಕೂಲಿನಲ್ಲಿ ಓದಿದ ನಿರಂಜನರು ಇದನ್ನೇ ‘ಚಿರಸ್ಮರಣೆ’ ಕಾದಂಬರಿಯಾಗಿ ಬರೆದರು. ಮಲಯಾಳದ ಹೊಳೆಯೊಂದರ ನೆನಪು ಕನ್ನಡದಲ್ಲಿ ಇಷ್ಟು ಗಟ್ಟಿಯಾಗಿ ಉಳಿದಿರುವುದು ಅಪರೂಪವೇ ಸರಿ. ಆ ಹೋರಾಟದ ಕಾಲದಿಂದ ಈ ಕಡೆಯ ಊರುಗಳಲ್ಲಿ ವಾಚನಾಲಯ, ಕಲಾಸಂಘ, ಆಟದ ಸಂಘ ಒಂದೇ ಬೇರಿನಿಂದ ಬೆಳೆದವು. ನಾಟಕ ಕಟ್ಟುವ, ಪತ್ರಿಕೆ ತರಿಸುವ, ಓಣಂ ಆಟ ನಡೆಸುವ ಹುಡುಗರೇ ದೋಣಿಯಲ್ಲೂ ಕೂರುತ್ತಾರೆ. ಹೀಗಿರುವಾಗ ದೋಣಿಗೆ ನಾಯಕರ ಹೆಸರು ಬಂದದ್ದು ಸಹಜ.

ಎಲ್ಲ ನೆನಪೂ ರಾಜಕೀಯದ್ದಲ್ಲ. ಕೋಟ್ಟಪ್ಪುರದ ವೈಕುಂಠ ಕ್ಷೇತ್ರ ವಿಷ್ಣುಮೂರ್ತಿ ತೆಯ್ಯದ ಮೂಲಸ್ಥಾನವೆಂದು ನಂಬಿಕೆ. ಪಾಲಂತಾಯಿ ಕಣ್ಣನ್ ಎಂಬ ಬಡ ಯುವಕ ಒಡೆಯನ ಸಿಟ್ಟಿಗೆ ಹೆದರಿ ಮಂಗಳೂರಿಗೆ ಓಡಿದ, ಅಲ್ಲಿ ನರಸಿಂಹನ ಭಕ್ತನಾಗಿ ಊರಿಗೆ ಮರಳಿದಾಗ ಒಡೆಯನ ಕೈಯಲ್ಲೇ ಸತ್ತ, ಆಮೇಲೆ ದೈವವಾದ ಎಂಬುದು ಐತಿಹ್ಯ. ಜಲೋತ್ಸವದ ದಡ ಮತ್ತು ತುಳುನಾಡಿನ ನಡುವಿನ ನಂಟು ರಸ್ತೆ, ರೈಲುಗಳಿಗಿಂತ ಹಳೆಯದೆಂಬುದಕ್ಕೆ ಇದೊಂದು ಸಾಕ್ಷಿ.

ಪಂದ್ಯದ ದೋಣಿ ಕಟ್ಟಲು ಕೇರಳದಲ್ಲಿ ಹಿಂದಿನಿಂದ ಮೆಚ್ಚಿದ ಮರ ಹೆಬ್ಬಲಸು. ಹಗುರ, ನೀರಿಗೆ ಬೇಗ ಕೊಳೆಯದು, ಉದ್ದ ಹಲಗೆ ಸಿಗುತ್ತದೆ. ಹಲಗೆಗಳ ಸಂದಿ ಮುಚ್ಚಿ, ಮೈಗೆ ಮೀನೆಣ್ಣೆ ಬಳಿದು ನುಣುಪು ಮಾಡುವುದು ಹಳೆಯ ಕ್ರಮ. ನೀರು ಹೀರಿದ ದೋಣಿ ಭಾರವಾಗುತ್ತದೆ. ಆದ್ದರಿಂದ ಪಂದ್ಯದ ದೋಣಿಯನ್ನು ವರ್ಷದ ಹೆಚ್ಚು ದಿನ ದಡದ ಚಪ್ಪರದಲ್ಲಿ, ನೆರಳಿನಲ್ಲಿ ಇಡುತ್ತಾರೆ.

ಜಲೋತ್ಸವದ ದಿನ ಪಂದ್ಯಕ್ಕೆ ಮೊದಲು ದೋಣಿಗಳ ಮೆರವಣಿಗೆ. ಸಂಘದ ಬಣ್ಣದ ಅಂಗಿ ತೊಟ್ಟ ತಂಡಗಳು ಒಂದರ ಹಿಂದೆ ಒಂದು ವೇದಿಕೆಯ ಮುಂದೆ ಹಾಯುತ್ತವೆ. ಇಲ್ಲಿ ವೇಗದ ಮಾತಿಲ್ಲ. ಹುಟ್ಟುಗಳು ಒಟ್ಟಿಗೆ ಏಳುತ್ತವೆಯೇ, ಒಟ್ಟಿಗೆ ಬೀಳುತ್ತವೆಯೇ ಎಂಬುದನ್ನು ಜನ ನೋಡುತ್ತಾರೆ. ಅಭ್ಯಾಸ ಸಾಕಷ್ಟು ಆಗಿದೆಯೇ ಎಂಬುದು ಬಲ್ಲವರಿಗೆ ಮೆರವಣಿಗೆಯಲ್ಲೇ ತಿಳಿದುಬಿಡುತ್ತದೆ. ಆಮೇಲೆ ಪಂದ್ಯ. ಹಿಂಬದಿಯವನು ಉದ್ದದ ಹುಟ್ಟಿನಿಂದ ದಿಕ್ಕು ಹಿಡಿಯುತ್ತಾನೆ. ಅಳಿವೆ ಹತ್ತಿರವಿರುವುದರಿಂದ ಭರತ–ಇಳಿತದ ಲೆಕ್ಕವೂ ಅವನ ತಲೆಯಲ್ಲಿರಬೇಕು. ಹೆಂಗಸರ ದೋಣಿಗಳು ಬಂದಾಗ ದಡದ ಗದ್ದಲ ಇಮ್ಮಡಿಯಾಗುತ್ತದೆ. ಪಡನ್ನ, ವಲಿಯಪರಂಬದ ಹಿನ್ನೀರಿನಲ್ಲಿ ಹೆಂಗಸರ ಗುಂಪುಗಳು ಪಚ್ಚಿಲೆ ಬೆಳೆಸಿ ಹೆಸರಾದ ಸೀಮೆ ಇದು. ನೀರಿನ ಕೆಲಸ ಇಲ್ಲಿ ಎಂದೂ ಗಂಡಸರದ್ದು ಮಾತ್ರ ಆಗಿರಲಿಲ್ಲ.

ಸಂಘಗಳ ಕಷ್ಟವನ್ನು ಎರಡು ಮಾತಿನಲ್ಲಿ ಹೇಳಬಹುದು: ಮರ ದುಬಾರಿ, ಆಳು ವಿರಳ. ದೋಣಿ ರಿಪೇರಿ, ಅಭ್ಯಾಸದ ದಿನಗಳ ಊಟ, ಕಳೆದುಕೊಂಡ ಕೂಲಿ, ಎಲ್ಲವೂ ಊರಿನವರ ಚಂದಾದಿಂದಲೇ ನಡೆಯಬೇಕು. ಇದಕ್ಕಿಂತ ಆಳವಾದ ಬದಲಾವಣೆ ಇನ್ನೊಂದಿದೆ. ಕೋಟ್ಟಪ್ಪುರಕ್ಕೂ ಅಚ್ಚಾಂತುರುತ್ತಿಗೂ ಸೇತುವೆ ಬಂತು. ಕುದ್ರುವಿನ ಮಕ್ಕಳು ಶಾಲೆಗೆ, ಆಸ್ಪತ್ರೆಗೆ ಈಗ ರಸ್ತೆಯಲ್ಲೇ ಹೋಗುತ್ತಾರೆ. ಅದು ಬೇಕಾದದ್ದೇ, ತಡವಾಗಿ ಬಂದ ನ್ಯಾಯ. ಆದರೆ ಕಡವು ನಿಂತ ಮೇಲೆ, ದಿನವೂ ಹುಟ್ಟು ಹಾಕುತ್ತ ತಾನಾಗಿ ಬರುತ್ತಿದ್ದ ತೋಳಿನ ಕಸುವು ಈಗ ಅಭ್ಯಾಸದಿಂದಲೇ ಬರಬೇಕಾಗಿದೆ. ಪ್ರಾಯದ ಹುಡುಗರಲ್ಲಿ ಅನೇಕರು ಗಲ್ಫಿಗೆ ಹೋಗುತ್ತಾರೆ. ಹಿಂದೆ ಉಳಿದವರಲ್ಲಿ ತಂಡ ಕಟ್ಟಬೇಕು.

ಸರಕಾರದ ಲೀಗ್ ಪಂದ್ಯ ಇತ್ತ ಬಂದದ್ದು ತೀರ ಈಚೆಗೆ. 2019ರಲ್ಲಿ ಕೇರಳ ಪ್ರವಾಸೋದ್ಯಮ ಇಲಾಖೆ ಆರಂಭಿಸಿದ ಚಾಂಪಿಯನ್ಸ್ ಬೋಟ್ ಲೀಗ್ ವರ್ಷಗಟ್ಟಲೆ ದಕ್ಷಿಣದ ಚುಂಡನ್ ದೋಣಿಗಳ ಸುತ್ತಲೇ ತಿರುಗುತ್ತಿತ್ತು. 2025ರ ಐದನೆಯ ಆವೃತ್ತಿಯ ಪಟ್ಟಿಗೆ ಬೇಪೂರು, ಧರ್ಮಡಂ ಜತೆಗೆ ಕಾಸರಗೋಡಿನ ಚೆರುವತ್ತೂರನ್ನೂ ಸೇರಿಸಿ, ಉತ್ತರದ ಚುರುಳನ್ ದೋಣಿಗಳಿಗೆ ಜಾಗ ಕೊಡಲಾಯಿತು. ಇದು ಒಂದು ವರ್ಷದ ಉತ್ಸಾಹವಾಗಿ ಮುಗಿಯಬಾರದು. ಬಹುಮಾನದ ಹಣಕ್ಕಿಂತ ಮೊದಲು ಈ ಸಂಘಗಳಿಗೆ ಬೇಕಾಗಿರುವುದು ದೋಣಿ ಇಡಲು ಭದ್ರವಾದ ಮಾಡು, ಮರಕ್ಕೆ ನೆರವು ಮತ್ತು ಶಾಲಾ ಮಕ್ಕಳಿಗೆ ಹುಟ್ಟು ಹಾಕಲು ಕಲಿಸುವ ಏರ್ಪಾಡು.

ಕಾಸರಗೋಡಿನ ಕನ್ನಡಿಗರು ಚಂದ್ರಗಿರಿ ಹೊಳೆಯ ಉತ್ತರಕ್ಕೆ ಹೆಚ್ಚು. ಅವರಲ್ಲಿ ಬಹುಮಂದಿ ತೇಜಸ್ವಿನಿಯನ್ನು ರೈಲಿನ ಕಿಟಕಿಯಿಂದ ಕಂಡಿದ್ದಾರೆ, ಇಲ್ಲವೇ ನಿರಂಜನರ ಪುಟಗಳಲ್ಲಿ. ನೀಲೇಶ್ವರದ ನಿಲ್ದಾಣದಲ್ಲಿ ಇಳಿದರೆ ಕೋಟ್ಟಪ್ಪುರ ದೂರವಿಲ್ಲ. ಮುಂದಿನ ಜಲೋತ್ಸವಕ್ಕೆ ಒಮ್ಮೆ ಹೋಗಿ ಬನ್ನಿ, ಮೆರವಣಿಗೆ ಮುಗಿಯುವ ಮುನ್ನವೇ ದಡ ಸೇರಿಕೊಳ್ಳಿ.