ದೇವರಕಾಡಿನಲ್ಲಿ ಒಂದಷ್ಟು ಹೊತ್ತು

ಕೊಡಗಿನಲ್ಲಿ ದೇವರ ಹೆಸರಿಗೇ ಬಿಟ್ಟ ಕಾಡುಗಳಿವೆ. ಒಂದೆರಡಲ್ಲ, 1,200ಕ್ಕೂ ಹೆಚ್ಚು! ಕೆಲವು ಭಗವತಿಯವು, ಕೆಲವು ಅಯ್ಯಪ್ಪನವು. ಇಲ್ಲಿನ ಅಯ್ಯಪ್ಪ ಬೇಟೆಯ ದೇವರು. ಅದಕ್ಕೇ ಹರಕೆ ಹೊತ್ತವರು ಮಣ್ಣಿನ ನಾಯಿಗಳನ್ನು ತಂದು ಒಪ್ಪಿಸುತ್ತಾರೆ. ಮಳೆಗೆ ನೆನೆದು ಪಾಚಿ ಹಿಡಿದು, ಮರದ ಬುಡದಲ್ಲಿ ಕೂತಿರುವ ಆ ನಾಯಿಗಳನ್ನು ನೋಡಿ: ಒಂದೊಂದೂ ಯಾರದೋ ಮನೆಯ ಪ್ರಾರ್ಥನೆ.

ಈ ಕಾಡಿಗೆ ಕೊಡಲಿ ತಾಕಿಸುವಂತಿಲ್ಲ. ಮರವೂ ದೇವರದೇ ಎಂಬ ನಂಬಿಕೆ. ಆದರೂ ಒತ್ತುವರಿಯಿಂದ ಎಷ್ಟೋ ದೇವರಕಾಡುಗಳು ಕಿರಿದಾಗಿವೆ. ನೆನೆದರೆ ಸಂಕಟವಾಗುತ್ತದೆ.

ಹೋಗುವ ಮುನ್ನ ಊರಿನವರನ್ನು ಕೇಳಿ. ಕೆಲವು ಕಡೆ ಹಬ್ಬದ ದಿನ ಬಿಟ್ಟು ಒಳಗೆ ಕಾಲಿಡುವುದಿಲ್ಲ. ಅಂಚಿನಲ್ಲೇ ಕೂತರೂ ಸಾಕು. ಫೋನ್ ಆರಿಸಿ. ಏನನ್ನೂ ಬೇಡಿಕೊಳ್ಳದೆ, ಜೀರುಂಡೆ ಸದ್ದಿಗೆ ಕಿವಿ ಒಗ್ಗುವವರೆಗೆ ಕೂತಿರಿ. ನನ್ನ ಮಟ್ಟಿಗೆ ಧ್ಯಾನ ಶುರುವಾಗುವುದೇ ಅಲ್ಲಿಂದ. ಬರುವಾಗ ಒಣಕಡ್ಡಿಯನ್ನೂ ತರಬೇಡಿ.