ಎರಡು ದಡಗಳ ಇಬ್ಬರು ಅಭ್ಯರ್ಥಿಗಳು

ಹಂಪೆಯ ಬದಿಯಲ್ಲಿ ನಿಂತು ತುಂಗಭದ್ರೆಯ ಆಚೆಗೆ ಕಣ್ಣು ಹಾಯಿಸಿದರೆ ಆನೆಗೊಂದಿ ಕಾಣುವುದು. ಹರಿಯುವುದು ಒಂದೇ ನೀರಾದರೂ, 1948ರವರೆಗೆ ಆ ದಡ ಹೈದರಾಬಾದಿನ ನಿಜಾಮರದಾಗಿದ್ದಿತು. ಈ ದಡದ ಹೊಸಪೇಟೆ, ಕಂಪ್ಲಿಗಳಾದರೋ ಮದರಾಸಿಗೆ ಸೇರಿದ್ದವು. 1967ರ ಮೇ 6ರಂದು ನಡೆದ ರಾಷ್ಟ್ರಪತಿ ಚುನಾವಣೆಯ ಪ್ರಧಾನ ಸ್ಪರ್ಧಿಗಳಿಬ್ಬರನ್ನು ನೆನೆದಾಗಲೆಲ್ಲ ನನಗೆ ಈ ಎರಡು ದಡಗಳ ನೆನಪಾಗುವುದು. ಡಾ. ಜಾಕಿರ್ ಹುಸೇನರು ಜನಿಸಿದುದು 1897ರಲ್ಲಿ, ಹೈದರಾಬಾದಿನಲ್ಲಿ. ರಾಜಮಹೇಂದ್ರಿಯ ಕೋಕಾ ಸುಬ್ಬರಾಯರು 1948ರಲ್ಲಿ ಮದರಾಸು ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು, ಬಳ್ಳಾರಿ ಜಿಲ್ಲೆ 1953ರಲ್ಲಿ ಮೈಸೂರಿಗೆ ಸೇರುವವರೆಗೆ ನಮ್ಮವರ ವ್ಯಾಜ್ಯಗಳು ಮೇಲೇರುತ್ತಿದ್ದುದು ಅದೇ ನ್ಯಾಯಾಲಯಕ್ಕೆ.

ರಾಷ್ಟ್ರಪತಿ ಪದವಿಯ ಅಭ್ಯರ್ಥಿಯು ಮನೆಮನೆಗೆ ಬಂದು ಮತ ಕೇಳುವವನಲ್ಲ. ಆದುದರಿಂದ ಧರ್ಮ, ವಿದ್ಯೆ, ಮತಾಧಿಕಾರಗಳ ವಿಷಯದಲ್ಲಿ ಆತನ ನಿಲುವನ್ನು ಆಶ್ವಾಸನೆಗಳಲ್ಲಿ ಅರಸದೆ ಆತನ ಬಾಳಿನ ಕೆಲಸದಲ್ಲಿಯೇ ಓದಬೇಕು.

ವಿದ್ಯೆಯ ವಿಷಯದಲ್ಲಿ ಓದಲು ಬೇಕಾದಷ್ಟುಂಟು. ಬರ್ಲಿನ್ನಿನಲ್ಲಿ ಡಾಕ್ಟರೇಟ್ ಪಡೆದು ಮರಳಿದ ಜಾಕಿರ್ ಹುಸೇನರು ಎರಡು ದಶಕಗಳಿಗೂ ಮಿಕ್ಕು ಜಾಮಿಯಾ ಮಿಲ್ಲಿಯಾದ ಕುಲಪತಿಗಳಾಗಿ, ಹಣವಿಲ್ಲದ ಆ ವಿದ್ಯಾಸಂಸ್ಥೆಯನ್ನು ಕಷ್ಟದಿಂದ ಉಳಿಸಿಕೊಂಡರು. 1937ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಕರೆದ ಶಿಕ್ಷಣ ಸಮ್ಮೇಳನವು ನೇಮಿಸಿದ ಸಮಿತಿಗೆ ಜಾಕಿರ್ ಹುಸೇನರೇ ಅಧ್ಯಕ್ಷರು: ಏಳು ವರ್ಷಗಳ ಉಚಿತ, ಕಡ್ಡಾಯ ಶಿಕ್ಷಣವು ಮಾತೃಭಾಷೆಯಲ್ಲಿ, ಒಂದು ಕೈಕಸುಬನ್ನು ಕೇಂದ್ರವಾಗಿರಿಸಿಕೊಂಡು ನಡೆಯಬೇಕೆಂಬುದು ಆ ಯೋಜನೆಯ ತಿರುಳು. ಸುಬ್ಬರಾಯರು ಶಾಲೆ ಕಟ್ಟಿದವರಲ್ಲ. ಆದರೂ ಮುಂದೆ ಸರ್ವೋಚ್ಚ ನ್ಯಾಯಾಲಯದಲ್ಲಿ, ಗುಜರಾತ್ ವಿಶ್ವವಿದ್ಯಾಲಯದ ಮೊಕದ್ದಮೆಯಲ್ಲಿ, ದೇಶಭಾಷೆಯನ್ನು ಕಡ್ಡಾಯ ಬೋಧನಮಾಧ್ಯಮವಾಗಿಸುವ ಅಧಿಕಾರ ವಿಶ್ವವಿದ್ಯಾಲಯಕ್ಕಿಲ್ಲವೆಂದು ಬಹುಮತದ ತೀರ್ಪು ಸಾರಿದಾಗ, ಭಿನ್ನಮತವನ್ನು ಬರೆದವರು ಅವರು. ನಮ್ಮ ಮೈಸೂರು ಸರ್ಕಾರವು ವೈದ್ಯಕೀಯ ಹಾಗೂ ಇಂಜಿನಿಯರಿಂಗ್ ಸೀಟುಗಳಿಗಾಗಿ ವೃತ್ತಿ ಮತ್ತು ಆರ್ಥಿಕ ಸ್ಥಿತಿಗಳಿಂದ ಹಿಂದುಳಿದವರನ್ನು ಗುರುತಿಸಿದ ಕ್ರಮವನ್ನು 1964ರ ಚಿತ್ರಲೇಖಾ ಪ್ರಕರಣದಲ್ಲಿ ಎತ್ತಿಹಿಡಿದ ತೀರ್ಪೂ ಅವರದೇ. ಹೀಗೆ ಎದುರಾಳಿಗಳಾಗಿ ನಿಂತವರು ತಾಯ್ನುಡಿಯ ಪಕ್ಷದಲ್ಲಿ ಒಂದಾಗಿದ್ದರೆಂಬುದನ್ನು ಕನ್ನಡಿಗರು ಮರೆಯಲಾಗದು.

ಧರ್ಮಸ್ವಾತಂತ್ರ್ಯದಲ್ಲಿ ಇಬ್ಬರ ದಾರಿ ಬೇರೆ. ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾಗಿ ಸುಬ್ಬರಾಯರು 1967ರ ಫೆಬ್ರವರಿ 27ರಂದು, ಐವರ ವಿರುದ್ಧ ಆರು ಮಂದಿಯ ಬಹುಮತದಿಂದ, ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸಲು ಸಂಸತ್ತಿಗೂ ಅಧಿಕಾರವಿಲ್ಲವೆಂದು ಗೋಲಕನಾಥ್ ತೀರ್ಪಿನಲ್ಲಿ ಸಾರಿದರು. ಧರ್ಮಸ್ವಾತಂತ್ರ್ಯದ 25ನೆಯ ವಿಧಿಗೂ ಆಗ ಅದು ಕವಚವಾಯಿತು. (ಆ ತೀರ್ಪನ್ನು 1973ರಲ್ಲಿ ಬದಲಿಸಿದ ಮೊಕದ್ದಮೆಯ ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿಗಳು.) ಆದರೆ ಕವಚವು ಇದ್ದುದನ್ನು ಕಾಯುವುದೇ ಹೊರತು ಮುಚ್ಚಿದ ಬಾಗಿಲನ್ನು ತೆರೆಯಲಾರದು. ಸೊಂಡೂರಿನ ಅರಸರು ಕುಮಾರಸ್ವಾಮಿ ದೇಗುಲದ ಬಾಗಿಲನ್ನು ಹರಿಜನರಿಗೆ ತೆರೆದುದು 1932ರಲ್ಲಿ, ಸಂವಿಧಾನ ಜಾರಿಗೆ ಬರುವುದಕ್ಕೆ ಹದಿನೆಂಟು ವರ್ಷ ಮೊದಲು. ಅಂಥ ಮನಸ್ಸನ್ನು ಬೆಳೆಸುವ ಕೆಲಸ ಪಾಠಶಾಲೆಯದು. ಆದ್ದರಿಂದಲೇ ನನ್ನ ಒಲವು ಉಪಾಧ್ಯಾಯರಾದ ಜಾಕಿರ್ ಹುಸೇನರತ್ತ ವಾಲುವುದು.

ಮತಾಧಿಕಾರದ ಮಾತು ಬಂದಾಗ ಆ ಒಲವು ಇನ್ನೂ ಗಟ್ಟಿಯಾಗುವುದು. ವಯಸ್ಕ ಮತದಾನವನ್ನು ವಿಧಿಸುವ 326ನೆಯ ವಿಧಿಯು ಮೂಲಭೂತ ಹಕ್ಕುಗಳ ಭಾಗದಲ್ಲಿಲ್ಲ. ಮತಾಧಿಕಾರವು ಶಾಸನದತ್ತವಾದುದೆಂದು ಸರ್ವೋಚ್ಚ ನ್ಯಾಯಾಲಯವು 1952ರಲ್ಲಿಯೇ ಹೇಳಿದ್ದಿತು. ಎಂದಮೇಲೆ ಗೋಲಕನಾಥ್ ತೀರ್ಪಿನ ಕವಚ ಅದರ ಮೈಗೆ ಮುಟ್ಟಲಿಲ್ಲ. ಜಾಕಿರ್ ಹುಸೇನರ ವಾರ್ಧಾ ವರದಿಯಾದರೋ, ಓಟು ಹಾಕುವ ಜನಸಾಮಾನ್ಯನು ಇನ್ನೂ ಎಲ್ಲೆಡೆ ಇರದಿದ್ದ ಕಾಲದಲ್ಲಿಯೇ, ಮಗುವನ್ನು ಪೌರನನ್ನಾಗಿ ಸಿದ್ಧಗೊಳಿಸುವುದನ್ನು ಶಿಕ್ಷಣದ ಗುರಿಗಳಲ್ಲೊಂದಾಗಿ ಎಣಿಸಿದ್ದಿತು.

ಎಣಿಕೆಯಲ್ಲಿ ಜಾಕಿರ್ ಹುಸೇನರಿಗೆ 4,71,244, ಸುಬ್ಬರಾಯರಿಗೆ 3,63,971 ಮತಮೌಲ್ಯ ಸಂದಿತು. ಇವು ತಲೆಯೆಣಿಕೆಯ ಮತಗಳಲ್ಲ. ಶಾಸಕನ ಮತಕ್ಕೆ ಆಯಾ ರಾಜ್ಯದ ಜನಸಂಖ್ಯೆಯೇ ಬೆಲೆ ಕಟ್ಟುವುದು: ಮುಂದೆ 1971ರ ಗಣತಿಯನ್ನಾಧರಿಸಿ ಕರ್ನಾಟಕದ ಪ್ರತಿ ಶಾಸಕನ ಮತ 131 ಆಗಿ ನಿಂತಿತು. ಪರಿಶಿಷ್ಟ ಪಂಗಡದಿಂದ ಮೊದಲ ಬಾರಿಗೆ ದ್ರೌಪದಿ ಮುರ್ಮು ಅವರು ರಾಷ್ಟ್ರಪತಿಗಳಾದ 2022ರಲ್ಲಿ, ಅದೇ ಪಂಗಡಕ್ಕೆ ಮೀಸಲಾದ ಸೊಂಡೂರು, ಕಂಪ್ಲಿ ಕ್ಷೇತ್ರಗಳ ಪ್ರತಿನಿಧಿಗಳ ಮತಕ್ಕೂ ರಾಜಧಾನಿಯ ಯಾವುದೇ ಶಾಸಕನ ಮತದಂತೆ 131ರ ತೂಕವೇ ಇದ್ದಿತು.